ಕಣ್ಣು ಮೆಚ್ಚುವುದು ಯಾವುದನ್ನು?

1871ರ ಆಗಸ್ಟ್‌ನಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ದೊಡ್ಡದೊಂದು ಚಿತ್ರಪ್ರದರ್ಶನ ಏರ್ಪಟ್ಟಿತು. ಹದಿನಾರನೇ ಶತಮಾನದ ಕಲಾವಿದ ಹಾನ್ಸ್ ಹೋಲ್ಬೈನ್‌ನ ಕೃತಿಗಳನ್ನು ಹಲವು ಊರುಗಳಿಂದ ತರಿಸಿ ಒಂದೇ ಸೂರಿನಡಿ ಇಟ್ಟಿದ್ದರು. ಆದರೆ ಚರ್ಚೆಯೆಲ್ಲ ನಡೆದದ್ದು ಎರಡೇ ಚಿತ್ರಗಳ ಬಗ್ಗೆ. ಎರಡರಲ್ಲೂ ಇದ್ದದ್ದು ಒಂದೇ ದೃಶ್ಯ: ನಡುವೆ ಮಗುವನ್ನು ಎತ್ತಿಕೊಂಡು ನಿಂತ ಮೇರಿ, ಒಂದು ಪಕ್ಕದಲ್ಲಿ ಬಾಸೆಲ್ ನಗರದ ಮೇಯರ್ ಆಗಿದ್ದ ಯಾಕೋಬ್ ಮೈಯರ್ ಮಂಡಿಯೂರಿ ಕೈಜೋಡಿಸಿದ್ದಾನೆ, ಅವನ ಮುಂದೆ ಒಬ್ಬ ಹುಡುಗ ಮತ್ತು ಒಂದು ಬೆತ್ತಲೆ ಕೂಸು, ಇನ್ನೊಂದು ಪಕ್ಕದಲ್ಲಿ ತೀರಿಹೋದ ಮೊದಲ ಹೆಂಡತಿ, ಬದುಕಿರುವ ಎರಡನೇ ಹೆಂಡತಿ ಮತ್ತು ಮಗಳು. ಸತ್ತವರು, ಇದ್ದವರು ಎಲ್ಲರೂ ಮೇರಿಯ ಆಸರೆಯಲ್ಲಿ ಒಟ್ಟಿಗೆ ಇದ್ದಾರೆ.

ಡಾರ್ಮ್‌ಸ್ಟಾಟ್‌ನಿಂದ ಬಂದ ಚಿತ್ರದಲ್ಲಿ ಆಕೃತಿಗಳು ಒತ್ತೊತ್ತಾಗಿದ್ದವು; ಹಳೆಯ ವಾರ್ನಿಷ್ ಹಳದಿಗಟ್ಟಿ ಬಣ್ಣಗಳೂ ಮಂಕಾಗಿದ್ದವು. ಡ್ರೆಸ್ಡೆನ್‌ನದೇ ಆದ ಇನ್ನೊಂದು ಚಿತ್ರದಲ್ಲಿ ಆಕೃತಿಗಳ ಸುತ್ತ ಗಾಳಿಯಾಡುವಷ್ಟು ಜಾಗ, ನೀಳವಾದ ನಿಲುವು. ಇದನ್ನು ಜನ ತಲೆಮಾರುಗಳಿಂದ ಹೊಗಳುತ್ತ ಬಂದಿದ್ದರು, ಅದೇ ಗ್ಯಾಲರಿಯಲ್ಲಿದ್ದ ರಾಫೇಲ್‌ನ ಮೇರಿಗೆ ಸರಿಸಾಟಿ ಎನ್ನುತ್ತಿದ್ದರು. ಪ್ರದರ್ಶನ ನಡೆಯುತ್ತಿರುವಾಗಲೇ ಕಲಾ ಇತಿಹಾಸಕಾರರ ತಂಡವೊಂದು ತೀರ್ಪು ಕೊಟ್ಟಿತು: ಹೋಲ್ಬೈನ್‌ನ ಕೈಯಿಂದ ಬಂದದ್ದು ಡಾರ್ಮ್‌ಸ್ಟಾಟ್‌ನ ಚಿತ್ರ, ಡ್ರೆಸ್ಡೆನ್‌ನದು ನಕಲು. ಊರಿನ ಕಲಾವಿದರು ಸಿಟ್ಟಿಗೆದ್ದು ಪ್ರತಿ ಹೇಳಿಕೆ ಹೊರಡಿಸಿದರು. ಆದರೆ ಇತಿಹಾಸಕಾರರು ಹೇಳಿದ್ದೇ ಸರಿ. ಡ್ರೆಸ್ಡೆನ್‌ನದು ಹೋಲ್ಬೈನ್ ಸತ್ತು ಸುಮಾರು ತೊಂಬತ್ತು ವರ್ಷಗಳ ನಂತರ ಬಾರ್ತೊಲೊಮೇಯಸ್ ಸಾರ್ಬುರ್ಗ್ ಎಂಬಾತ ಬರೆದ ಪ್ರತಿ ಎಂಬುದು ಈಗ ಎಲ್ಲರೂ ಒಪ್ಪಿರುವ ಮಾತು.

ಈ ಗಲಾಟೆಯ ನಡುವೆ ಎಪ್ಪತ್ತು ವರ್ಷದ ಒಬ್ಬ ವಿದ್ವಾಂಸರು ಬೇರೆಯೇ ಪ್ರಶ್ನೆ ಹಿಡಿದು ನಿಂತಿದ್ದರು. ಅಸಲಿ ಯಾವುದು ಎನ್ನುವುದು ಇರಲಿ, ನೋಡಲು ಬಂದವರಿಗೆ ಚೆಂದ ಕಂಡದ್ದು ಯಾವುದು? ಆ ಚಿತ್ರಗಳ ಬಳಿ ಅವರು ಒಂದು ಪುಸ್ತಕ ಇಡಿಸಿದರು. ನಿಮಗೆ ಹೆಚ್ಚು ಇಷ್ಟವಾದದ್ದು ಯಾವುದು ಎಂದು ಬರೆಯಿರಿ ಎಂಬ ಕೋರಿಕೆ ಅದರಲ್ಲಿತ್ತು. ಅವರ ಹೆಸರು ಗುಸ್ತಾವ್ ಫೆಕ್ನರ್. ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಪ್ರದರ್ಶನ ನೋಡಿದರು. ಪುಸ್ತಕದಲ್ಲಿ ಬರೆದವರು 113 ಮಂದಿ. ಅವರಲ್ಲೂ ಬಹಳಷ್ಟು ಜನ ಸೂಚನೆಯನ್ನು ಸರಿಯಾಗಿ ಪಾಲಿಸಿರಲಿಲ್ಲ, ಇಲ್ಲವೇ ಅಸಲಿ ನಕಲಿಯ ವಾದದಲ್ಲಿ ಆಗಲೇ ಒಂದು ಪಕ್ಷ ಹಿಡಿದವರಾಗಿದ್ದರು. ಪ್ರಯೋಗ ಕೈಕೊಟ್ಟಿತು. ಹೀಗಿದ್ದರೂ ಸೌಂದರ್ಯದ ಬಗ್ಗೆ ಮನೋವಿಜ್ಞಾನ ಕೇಳಿದ ಪ್ರಶ್ನೆಗಳ ಇತಿಹಾಸವನ್ನು ಇಲ್ಲಿಂದಲೇ ಶುರುಮಾಡುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ. ಚೆಂದ ಎಂದರೇನು ಎಂದು ತತ್ತ್ವಜ್ಞಾನಿಯನ್ನು ಕೇಳುವುದು ಬಿಟ್ಟು, ನಿನಗೆ ಯಾವುದು ಚೆಂದ ಕಂಡಿತು ಎಂದು ಟಿಕೆಟ್ ಕೊಂಡು ಒಳಬಂದ ಸಾಮಾನ್ಯನನ್ನು ಕೇಳಿದ ಮೊದಲಿಗರಲ್ಲಿ ಫೆಕ್ನರ್ ಒಬ್ಬರು.

ಕಣ್ಣಿನ ಬಗ್ಗೆ ಅವರಿಗಿದ್ದ ಆಸ್ಥೆಗೆ ಹಿನ್ನೆಲೆಯೂ ಇತ್ತು. ಲೈಪ್‌ಝಿಗ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದಾಗ, ಪ್ರಖರ ಬೆಳಕನ್ನು ನೋಡಿದ ಮೇಲೆ ಕಣ್ಣಲ್ಲಿ ಉಳಿಯುವ ಬಿಂಬಗಳನ್ನು ಅಭ್ಯಾಸ ಮಾಡಲೆಂದು ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ಮತ್ತೆ ಮತ್ತೆ ದಿಟ್ಟಿಸಿ ಕಣ್ಣು ಕೆಡಿಸಿಕೊಂಡರು. ಬೆಳಕು ತಾಳಲಾಗದೆ ಕಪ್ಪು ಬಳಿದ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದರು, ಹುದ್ದೆ ಬಿಟ್ಟರು. 1843ರಲ್ಲಿ ಚೇತರಿಸಿಕೊಂಡು ತೋಟಕ್ಕೆ ಕಾಲಿಟ್ಟಾಗ ಹೂಗಳು ಒಳಗಿನಿಂದಲೇ ಬೆಳಗುತ್ತಿರುವಂತೆ ಅವರಿಗೆ ಕಂಡವು. ಗಿಡಮರಗಳಿಗೂ ಆತ್ಮವಿದೆ ಎಂದು ಮುಂದೆ ಒಂದು ಪುಸ್ತಕವನ್ನೇ ಬರೆದರು. ಇಂಥ ಅನುಭಾವಿಯ ಮನಸ್ಸಿದ್ದ ವ್ಯಕ್ತಿಯೇ 1860ರಲ್ಲಿ, ಹೊರಗಿನ ಪ್ರಚೋದನೆ ಇಷ್ಟು ಹೆಚ್ಚಿದರೆ ಒಳಗಿನ ಅನುಭವ ಎಷ್ಟು ಹೆಚ್ಚುತ್ತದೆ ಎಂದು ಲೆಕ್ಕ ಹಾಕುವ ಮನೋಭೌತಶಾಸ್ತ್ರಕ್ಕೆ ತಳಪಾಯ ಹಾಕಿದ್ದು. ಕಣ್ಣು ಕಳೆದುಕೊಂಡು ಮರಳಿ ಪಡೆದವರು ನೋಡುವ ಕ್ರಿಯೆಯನ್ನು ಹಗುರವಾಗಿ ತೆಗೆದುಕೊಳ್ಳುವುದು ಸಾಧ್ಯವಿರಲಿಲ್ಲ.

ಚಿತ್ರಗಳ ಜೊತೆ ಕೀರ್ತಿ, ಧರ್ಮ, ಬೆಲೆ ಎಲ್ಲವೂ ಅಂಟಿಕೊಂಡು ಬರುತ್ತವೆ. ಹಾಗಾಗಿ ಫೆಕ್ನರ್ ಯಾವ ಕಥೆಯೂ ಅಂಟದ ವಸ್ತುವಿಗೆ ಇಳಿದರು: ಖಾಲಿ ಆಯತಗಳು. ಒಂದೇ ವಿಸ್ತೀರ್ಣದ, ಆದರೆ ಉದ್ದ ಅಗಲಗಳ ಪ್ರಮಾಣ ಬೇರೆ ಬೇರೆಯಾದ ಹತ್ತು ಬಿಳಿ ಕಾರ್ಡುಗಳನ್ನು ಕಪ್ಪು ಮೇಜಿನ ಮೇಲೆ ಹರಡಿದರು. ಒಂದು ತುದಿಗೆ ಚೌಕ, ಇನ್ನೊಂದು ತುದಿಗೆ ಅಗಲಕ್ಕಿಂತ ಎರಡೂವರೆ ಪಟ್ಟು ಉದ್ದದ ಪಟ್ಟಿ. ಅತಿ ಹೆಚ್ಚು ಹಿಡಿಸಿದ್ದು ಯಾವುದು, ಹಿಡಿಸದೇ ಇದ್ದದ್ದು ಯಾವುದು ಎಂದು 347 ಜನರನ್ನು ಕೇಳಿದರು. ಸ್ವರ್ಣಾನುಪಾತ ಎನ್ನುತ್ತಾರಲ್ಲ, ಸುಮಾರು 1ಕ್ಕೆ 1.618, ಆ ಪ್ರಮಾಣದ ಆಯತವನ್ನು ನೂರಕ್ಕೆ 35 ಮಂದಿ ಮೆಚ್ಚಿದರು. ಅದು ಹಿಡಿಸಲಿಲ್ಲ ಎಂದು ಬೊಟ್ಟು ಮಾಡಿದವರು ಒಬ್ಬರೂ ಇರಲಿಲ್ಲ.

ಈ ಒಂದು ಫಲಿತಾಂಶ ಮಾಡಿದಷ್ಟು ಹಾವಳಿಯನ್ನು ಬೇರೆ ಯಾವುದೂ ಮಾಡಿರಲಾರದು. ಮುಖದ ಅಂದ, ಗುಡಿಯ ಗೋಪುರ, ಬ್ಯಾಂಕಿನ ಕಾರ್ಡು, ಕಂಪನಿಯ ಲೋಗೊ ಎಲ್ಲದರಲ್ಲೂ ಸ್ವರ್ಣಾನುಪಾತ ಹುಡುಕುವ ವಿಡಿಯೊಗಳು ಇವತ್ತಿಗೂ ನಮ್ಮ ಮೊಬೈಲಿಗೆ ಬಂದು ಬೀಳುತ್ತವೆ. ಫೆಕ್ನರ್ ಸ್ವತಃ ಹಾಗೆ ಹಾರಿಬಿದ್ದವರಲ್ಲ. ಅವರು ಯುರೋಪಿನ ಗ್ಯಾಲರಿಗಳ ಹತ್ತು ಸಾವಿರಕ್ಕೂ ಹೆಚ್ಚು ವರ್ಣಚಿತ್ರಗಳ ಅಳತೆಗಳನ್ನು ಲೆಕ್ಕಹಾಕಿ, ಕಲಾವಿದರು ಆ ಅನುಪಾತಕ್ಕೆ ಕಟ್ಟುಬಿದ್ದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರು. ನಂತರದ ನೂರು ವರ್ಷಗಳಲ್ಲಿ ಈ ಪ್ರಯೋಗವನ್ನು ಬೇರೆ ಬೇರೆಯವರು ಮತ್ತೆ ಮತ್ತೆ ಮಾಡಿದರು. ಕೆಲವೊಮ್ಮೆ ಆ ಆಯತ ಗೆದ್ದಿತು, ಎಷ್ಟೋ ಬಾರಿ ಸೋತಿತು. 1980ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಕ್ರಿಸ್ ಮೆಕ್‌ಮಾನಸ್ ಪ್ರಕಟಿಸಿದ ಅಧ್ಯಯನ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಒಬ್ಬೊಬ್ಬರ ಮೆಚ್ಚುಗೆಯೂ ಸ್ಥಿರವಾಗಿಯೇ ಇರುತ್ತದೆ. ಇವತ್ತು ಮೆಚ್ಚಿದ್ದನ್ನು ಸಮಯ ಕಳೆದು ಕೇಳಿದರೂ ಮೆಚ್ಚುತ್ತಾರೆ. ಆದರೆ ಒಬ್ಬರ ಮೆಚ್ಚುಗೆ ಇನ್ನೊಬ್ಬರದರ ಹಾಗಿಲ್ಲ. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದಾಗ ಸ್ವರ್ಣಾನುಪಾತದ ಮಹಿಮೆ ಹೆಚ್ಚೇನೂ ಉಳಿಯುವುದಿಲ್ಲ.

ಹಾಗಾದರೆ ಅಂದ ಇರುವುದು ಆಕಾರದ ಗಣಿತದಲ್ಲಿ ಅಲ್ಲ, ಕನಿಷ್ಠ ಅಲ್ಲಿ ಮಾತ್ರವಂತೂ ಅಲ್ಲ. ನೋಡುವವನ ಕಡೆಗೇ ತಿರುಗಬೇಕು.

ನಾವು ಕಣ್ಣು ತೆರೆದ ಕೂಡಲೇ ಎದುರಿನ ಚಿತ್ರವೆಲ್ಲ ಒಮ್ಮೆಗೇ ಒಳಗೆ ಬಂತೆಂದು ಭಾವಿಸುತ್ತೇವೆ. ಹಾಗೆ ಆಗುವುದಿಲ್ಲ. ಕೈ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರು ಎಷ್ಟು ಜಾಗ ಆವರಿಸುತ್ತದೆಯೋ ಸುಮಾರು ಅಷ್ಟರಲ್ಲಿ ಮಾತ್ರ ಕಣ್ಣಿಗೆ ಪೂರ್ತಿ ಸ್ಪಷ್ಟತೆ ಇರುತ್ತದೆ. ಉಳಿದದ್ದೆಲ್ಲ ಅರೆಬರೆ ಮಸುಕು. ಆದ್ದರಿಂದ ಕಣ್ಣು ಸೆಕೆಂಡಿಗೆ ಎರಡು ಮೂರು ಸಲ ಜಿಗಿಯುತ್ತ, ನಿಲ್ಲುತ್ತ, ಮತ್ತೆ ಜಿಗಿಯುತ್ತ ಚಿತ್ರವನ್ನು ತುಂಡುತುಂಡಾಗಿ ಹೆಕ್ಕಿಕೊಳ್ಳುತ್ತದೆ. ಇಡೀ ಚಿತ್ರ ಕಂಡ ಅನುಭವವನ್ನು ಮಿದುಳು ಆ ತುಂಡುಗಳಿಂದ ಕಟ್ಟಿಕೊಡುತ್ತದೆ. ನೋಡುವುದು ಎಂದರೆ ಆರಿಸಿಕೊಳ್ಳುವುದು.

ಈ ಆಯ್ಕೆ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟವರು ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್. ಅವರ ವಿಧಾನ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಣ್ಣಿಗೆ ಮರಗಟ್ಟಿಸುವ ಔಷಧಿ ಹಾಕಿ, ರೆಪ್ಪೆಗಳನ್ನು ಮುಚ್ಚದಂತೆ ಪಟ್ಟಿಯಿಂದ ಹಿಡಿದು, ಪುಟ್ಟ ಕನ್ನಡಿ ಇರುವ ಹೀರುಬಟ್ಟಲೊಂದನ್ನು ನೇರವಾಗಿ ಕಣ್ಣುಗುಡ್ಡೆಗೆ ಅಂಟಿಸುತ್ತಿದ್ದರು. ಕಣ್ಣು ಹೊರಳಿದಂತೆ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಫೋಟೊ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಆ ಗೆರೆಯೇ ನೋಟದ ಜಾಡು.

ನೋಡಲು ಅವರು ಕೊಟ್ಟ ಚಿತ್ರಗಳಲ್ಲಿ ಒಂದು, ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿರುವ ಇಲ್ಯಾ ರೇಪಿನ್‌ನ ಪ್ರಸಿದ್ಧ ಕೃತಿ. ಗಡಿಪಾರಾಗಿದ್ದ ಒಬ್ಬಾತ ಯಾರೂ ನಿರೀಕ್ಷಿಸದಿದ್ದಾಗ ಮನೆಗೆ ಮರಳಿದ್ದಾನೆ. ದೊಗಲೆ ಕೋಟು, ಬಳಲಿದ ಮುಖ. ಬಾಗಿಲ ಬಳಿ ಮನೆಗೆಲಸದವಳು ನಿಂತಿದ್ದಾಳೆ, ತಾಯಿ ಕುರ್ಚಿಯಿಂದ ಎದ್ದಿದ್ದಾಳೆ, ಹೆಂಡತಿ ಪಿಯಾನೊ ಮುಂದಿನಿಂದ ತಿರುಗಿ ನೋಡುತ್ತಿದ್ದಾಳೆ, ಮೇಜಿನ ಹತ್ತಿರ ಮಕ್ಕಳಿದ್ದಾರೆ. ಯಾರ್ಬಸ್ ಇದನ್ನು ಒಬ್ಬನೇ ವ್ಯಕ್ತಿಗೆ ಏಳು ಸಲ, ಪ್ರತಿ ಸಲವೂ ಮೂರು ನಿಮಿಷ ತೋರಿಸಿದರು. ಮೊದಲ ಸಲ ಯಾವ ಪ್ರಶ್ನೆಯೂ ಇಲ್ಲ, ಸುಮ್ಮನೆ ನೋಡು. ಆಮೇಲೆ ಒಂದೊಂದು ಸಲವೂ ಒಂದೊಂದು ಪ್ರಶ್ನೆ. ಈ ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ ಎಂದಾಗ ನೋಟ ಬಟ್ಟೆಬರೆ, ಪೀಠೋಪಕರಣಗಳ ಮೇಲೆ ಓಡಾಡಿತು. ಇವರ ವಯಸ್ಸೆಷ್ಟು ಎಂದಾಗ ಗೆರೆಗಳೆಲ್ಲ ಮುಖಗಳ ಮೇಲೆ ಗಂಟುಕಟ್ಟಿದವು. ಬಂದವನು ಎಷ್ಟು ಕಾಲ ಮನೆಯಿಂದ ದೂರವಿದ್ದ ಎಂದು ಕೇಳಿದಾಗ ಕಣ್ಣು ಅವನ ಮುಖಕ್ಕೂ ಮನೆಯವರ ಮುಖಗಳಿಗೂ ನಡುವೆ ಹೋಗುತ್ತ ಬರುತ್ತ ಇತ್ತು. ಅಗಲಿಕೆಯ ಉದ್ದವನ್ನು ಯಾವ ವಸ್ತುವಿನಲ್ಲೂ ಚಿತ್ರಕಾರ ಬರೆದಿಟ್ಟಿಲ್ಲ. ಅದು ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ಇರುವ ಸಂಬಂಧದಲ್ಲಿದೆ, ಕಣ್ಣು ಅದನ್ನು ಅಲ್ಲೇ ಹುಡುಕಿತು. ಏಳು ಜಾಡುಗಳನ್ನು ಪಕ್ಕಪಕ್ಕ ಇಟ್ಟರೆ ಏಳು ಬೇರೆ ಬೇರೆ ಚಿತ್ರಗಳನ್ನು ನೋಡಿದಂತಿದೆ. 1960ರ ದಶಕದಲ್ಲಿ ಬಂದ ಅವರ ಪುಸ್ತಕದ ಈ ಪುಟ ಮನೋವಿಜ್ಞಾನದ ಅತಿ ಸುಂದರ ಪುಟಗಳಲ್ಲಿ ಒಂದು ಎನ್ನಲು ನನಗೆ ಹಿಂಜರಿಕೆಯಿಲ್ಲ.

ಪ್ರಶ್ನೆ ಬದಲಾದರೆ ನೋಟ ಬದಲಾಗುತ್ತದೆ ಎಂದಾದರೆ, ಮನಸ್ಸಿನಲ್ಲಿ ತಾನಾಗಿಯೇ ಹೆಚ್ಚು ಪ್ರಶ್ನೆಗಳಿರುವವರು ಹೆಚ್ಚು ನೋಡಬೇಕು. 2007ರಲ್ಲಿ ನಾರ್ವೆಯ ಸಂಶೋಧಕರು ಕಲಾವಿದ್ಯಾರ್ಥಿಗಳ ಮತ್ತು ಇತರರ ನೋಟವನ್ನು ಹೋಲಿಸಿದಾಗ ಕಂಡದ್ದು ಇದೇ. ಕಲೆ ಕಲಿಯದವರ ಕಣ್ಣು ಚಿತ್ರದಲ್ಲಿನ ಮನುಷ್ಯರಿಗೆ, ಗುರುತು ಹಿಡಿಯಬಹುದಾದ ವಸ್ತುಗಳಿಗೆ ಅಂಟಿಕೊಂಡಿತ್ತು; ಕಲಿತವರ ಕಣ್ಣು ಹಿನ್ನೆಲೆ, ಬಣ್ಣದ ಹರವು, ರಚನೆಯ ಕಡೆಗೂ ಸುತ್ತಾಡಿ ಬಂತು. ಆದರೆ ಸುತ್ತಾಡಲು ಸಮಯ ಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಹೆಸರಾಂತ ಕೃತಿಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸರಾಸರಿ 27.2 ಸೆಕೆಂಡು. ಆ ಸರಾಸರಿಯನ್ನು ಏರಿಸಿದ್ದು ದೀರ್ಘಕಾಲ ನಿಂತ ಕೆಲವೇ ಮಂದಿ. ಅರ್ಧದಷ್ಟು ಸಲ ನೋಟ ಮುಗಿದದ್ದು 17 ಸೆಕೆಂಡಿನೊಳಗೆ. ಅಷ್ಟರಲ್ಲೇ ಪಕ್ಕದ ಫಲಕವನ್ನೂ ಓದಿ ಮುಗಿಸಬೇಕು.

ಇಷ್ಟು ಕಡಿಮೆ ಹೊತ್ತಿನಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ತೀರ್ಮಾನ ಹೇಗೆ ಬಂದುಬಿಡುತ್ತದೆ? ಒಂದು ಉತ್ತರ ಕೊಟ್ಟವರು ಪೋಲೆಂಡ್‌ನಲ್ಲಿ ಹುಟ್ಟಿ ಅಮೆರಿಕದ ಮಿಶಿಗನ್‌ನಲ್ಲಿ ಕೆಲಸ ಮಾಡಿದ ರಾಬರ್ಟ್ ಝಯೋನ್ಸ್. ಒಂದು ವಸ್ತುವನ್ನು ಬರಿದೇ ಮತ್ತೆ ಮತ್ತೆ ಕಂಡರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ಅವರು 1968ರಲ್ಲಿ ವಾದಿಸಿದರು. ಚೀನೀ ಲಿಪಿಯಂಥ ಅಕ್ಷರಗಳನ್ನು ಅದನ್ನು ಓದಲು ಬಾರದವರಿಗೆ ತೋರಿಸಿದರು, ಕೆಲವನ್ನು ಒಂದೆರಡು ಬಾರಿ, ಕೆಲವನ್ನು 25 ಬಾರಿವರೆಗೆ. ಹೆಚ್ಚು ಬಾರಿ ಕಂಡ ಅಕ್ಷರಕ್ಕೆ ಒಳ್ಳೆಯ ಅರ್ಥವಿರಬೇಕು ಎಂದು ಜನ ಊಹಿಸಿದರು.

ಪತ್ರಿಕೆಯಲ್ಲಿ ಬರೆಯುವವನಾಗಿ ನನ್ನ ಗಮನ ಹೆಚ್ಚು ಸೆಳೆದದ್ದು ಅವರ ಇನ್ನೊಂದು ಪ್ರಯೋಗ. ಮಿಶಿಗನ್ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ದಿನಪತ್ರಿಕೆಗಳಲ್ಲಿ ಝಯೋನ್ಸ್ ಮತ್ತು ಸಹೋದ್ಯೋಗಿ ಜಾಹೀರಾತಿನ ಜಾಗದಲ್ಲಿ ತುರ್ಕಿ ಭಾಷೆಯಂತೆ ಕಾಣುವ ಪದಗಳನ್ನು ಅಚ್ಚು ಹಾಕಿಸಿದರು. ಕದಿರ್ಗ, ಸರಿಚಿಕ್, ಹೀಗೆ. ವಿವರಣೆ ಏನೂ ಇಲ್ಲ. ಒಂದು ಪದ ಒಂದೇ ದಿನ ಬಂದರೆ ಇನ್ನೊಂದು 25 ಸಲ ಬಂತು. ಒಂದು ಊರಿನಲ್ಲಿ ಅಪರೂಪಕ್ಕೆ ಬಂದ ಪದ ಇನ್ನೊಂದು ಊರಿನಲ್ಲಿ ಪದೇ ಪದೇ ಬರುವಂತೆ ಅದಲು ಬದಲು ಮಾಡಿದ್ದರು. ಕೊನೆಗೆ ವಿದ್ಯಾರ್ಥಿಗಳನ್ನು ಕೇಳಿದರೆ, ಯಾವ ಊರಿನಲ್ಲಿ ಯಾವ ಪದ ಹೆಚ್ಚು ಸಲ ಕಂಡಿತ್ತೋ ಅಲ್ಲಿ ಅದೇ ಒಳ್ಳೆಯದು. ಪದದ ನಾದಕ್ಕೂ ಒಲವಿಗೂ ಸಂಬಂಧವಿರಲಿಲ್ಲ. ಒಲವು ಹುಟ್ಟಿದ್ದು ಅಚ್ಚಿನ ಲೆಕ್ಕದಿಂದ. 1980ರಲ್ಲಿ ಕುನ್ಸ್ಟ್ ವಿಲ್ಸನ್ ಜೊತೆ ಮಾಡಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಂಕುಡೊಂಕು ಎಂಟುಮೂಲೆಯ ಆಕೃತಿಗಳನ್ನು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಿಂಚಿಸಿದರು. ಯಾವುದನ್ನು ನೋಡಿದ್ದಿರಿ ಎಂದರೆ ಜನಕ್ಕೆ ಹೇಳಲಾಗಲಿಲ್ಲ. ಯಾವುದು ಇಷ್ಟ ಎಂದರೆ, ಮಿಂಚಿ ಹೋದದ್ದರತ್ತಲೇ ಹೆಚ್ಚಾಗಿ ಕೈತೋರಿಸಿದರು. ಗುರುತಿಗೆ ಸಿಗದ್ದು ಮೆಚ್ಚುಗೆಗೆ ಸಿಕ್ಕಿತ್ತು.

ಕಾರಣಗಳ ಬಗ್ಗೆ ವಾದಗಳಿವೆ. ಹಿಂದೆ ಕಂಡು, ಅದರಿಂದ ಕೇಡಾಗದಿದ್ದರೆ ಜೀವಿಗೆ ಅದು ಭಯವಿಲ್ಲದ ವಸ್ತು ಎಂಬುದು ಝಯೋನ್ಸ್ ಅವರ ವಿವರಣೆ. ಹಿಂದೆ ಕಂಡದ್ದನ್ನು ಗ್ರಹಿಸುವುದು ಮಿದುಳಿಗೆ ಸಲೀಸು, ಆ ಸಲೀಸನ್ನೇ ನಾವು ವಸ್ತುವಿನ ಅಂದವೆಂದು ಭಾವಿಸುತ್ತೇವೆ ಎಂಬುದು ರೋಲ್ಫ್ ರೇಬರ್ ಮತ್ತು ಜೊತೆಗಾರರು 2004ರಲ್ಲಿ ಮಂಡಿಸಿದ ವಿವರಣೆ. ಎರಡೂ ಒಟ್ಟಿಗೇ ನಿಜವಾಗಿರಬಹುದು.

ಇದೆಲ್ಲ ಅರ್ಥವಿಲ್ಲದ ಆಕೃತಿಗಳ ಮಾತಾಯಿತು. ಮಹಾನ್ ಕಲಾಕೃತಿಗಳಿಗೂ ಇದು ಅನ್ವಯವೇ? ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಕಟ್ಟಿಂಗ್ ಈ ಪ್ರಶ್ನೆಗೆ ಜಾಣ ದಾರಿಯೊಂದನ್ನು ಕಂಡುಕೊಂಡರು. ಗುಸ್ತಾವ್ ಕಾಯ್ಬೊಟ್ ಎಂಬ ಸಿರಿವಂತ ಫ್ರೆಂಚ್ ಚಿತ್ರಕಾರ ತನ್ನ ಗೆಳೆಯರಾದ ಮೊನೆ, ರೆನ್ವಾ, ದೆಗಾ, ಪಿಸ್ಸಾರೊ ಮೊದಲಾದವರ ಚಿತ್ರಗಳನ್ನು ಕೊಂಡಿಟ್ಟಿದ್ದ. ಆ ಸಂಗ್ರಹವನ್ನು ಫ್ರಾನ್ಸ್ ಸರ್ಕಾರಕ್ಕೆ ಬರೆದಿಟ್ಟು ಅವನು 1894ರಲ್ಲಿ ತೀರಿಕೊಂಡ. ಸರ್ಕಾರ ಮೀನಮೇಷ ಎಣಿಸಿ ಸುಮಾರು ನಲವತ್ತು ಚಿತ್ರಗಳನ್ನು ಮಾತ್ರ ಒಪ್ಪಿಕೊಂಡಿತು. ಅವು ಪ್ಯಾರಿಸ್ಸಿನ ಸಾರ್ವಜನಿಕ ಗೋಡೆಗೇರಿದವು, ಪುಸ್ತಕಗಳಿಗೆ ಹೋದವು, ಪ್ರಸಿದ್ಧವಾದವು. ಗೆಳೆಯನ ಜೇಬಿನಲ್ಲಿ ಹಣವಿದ್ದದ್ದು, ಅವನ ಉಯಿಲು, ಅಧಿಕಾರಿಗಳ ಒಪ್ಪಿಗೆ, ಇಷ್ಟರ ಮೇಲೆ ಒಂದು ಕಲಾ ಚಳವಳಿಯ ಮುಖ್ಯ ಕೃತಿಗಳ ಪಟ್ಟಿ ಬೆಳೆಯಿತೇ ಎಂಬುದು ಕಟ್ಟಿಂಗ್ ಅವರ ಅನುಮಾನ.

ಕಾಯ್ಬೊಟ್ ಸಂಗ್ರಹದ 66 ಚಿತ್ರಗಳಿಗೆ, ಅದೇ ಕಲಾವಿದನ ಅದೇ ಕಾಲದ ಅದೇ ಬಗೆಯ ಒಂದೊಂದು ಜೊತೆಚಿತ್ರ ಆರಿಸಿದರು. ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿದ್ದ ಸಾವಿರದಷ್ಟು ಪುಸ್ತಕಗಳನ್ನು ತಿರುವಿಹಾಕಿಸಿ ಯಾವ ಚಿತ್ರ ಎಷ್ಟು ಬಾರಿ ಅಚ್ಚಾಗಿದೆ ಎಂದು ಎಣಿಸಿದರು. ಜೋಡಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಯಾವುದು ಇಷ್ಟ ಎಂದಾಗ, ಹೆಚ್ಚು ಬಾರಿ ಅಚ್ಚಾದದ್ದನ್ನೇ ಹೆಚ್ಚು ಮಂದಿ ಆರಿಸಿದರು, ಹಿಂದೆ ನೋಡಿದ ನೆನಪಿಲ್ಲ ಎಂದವರೂ ಕೂಡ. ಒಳ್ಳೆಯ ಚಿತ್ರವಾದ್ದರಿಂದಲೇ ಹೆಚ್ಚು ಅಚ್ಚಾಗಿರಬಹುದಲ್ಲವೇ? ಅದನ್ನು ಪರೀಕ್ಷಿಸಲು ಅವರು ತಮ್ಮ ಪಾಠದ ಕೋಣೆಯನ್ನೇ ಬಳಸಿಕೊಂಡರು. ಕಲೆಗೆ ಸಂಬಂಧವೇ ಇಲ್ಲದ ಕೋರ್ಸಿನಲ್ಲಿ, ಯಾವ ವಿವರಣೆಯೂ ಇಲ್ಲದೆ, ಕೆಲವೇ ಸೆಕೆಂಡು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಹೋದರು. ಅಪರೂಪದ ಚಿತ್ರಗಳನ್ನು ನಾಲ್ಕು ಸಲ, ಪ್ರಸಿದ್ಧವಾದುವನ್ನು ಒಂದು ಸಲ. ಕೋರ್ಸಿನ ಕೊನೆಯಲ್ಲಿ ಕೇಳಿದರೆ ಪ್ರಸಿದ್ಧ ಚಿತ್ರಗಳ ಮೇಲುಗೈ ಕರಗಿಹೋಗಿತ್ತು. ನೂರು ವರ್ಷದ ಕೀರ್ತಿಯನ್ನು ಒಂದು ಸೆಮಿಸ್ಟರಿನ ಸ್ಲೈಡುಗಳು ಸರಿಗಟ್ಟಿದ್ದವು.

2003ರಲ್ಲಿ ಇದು ಪ್ರಕಟವಾದಾಗ ಅನೇಕರು ಎದೆಗುಂದಿದರು. ರುಚಿ ಎಂದರೆ ಬರೀ ರೂಢಿಯೇ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಕಂಡುಂಡದ್ದೆಲ್ಲ ಚೆಂದವೇ? ಹಾಗಿದ್ದರೆ ಒಳ್ಳೆಯ ಕಲೆ, ಕೆಟ್ಟ ಕಲೆ ಎಂಬ ಮಾತಿಗೇ ಬೆಲೆಯಿಲ್ಲ. ನಾನು ಇದನ್ನು ಒಪ್ಪುವವನಲ್ಲ, ಒಪ್ಪದಿರಲು ಆಧಾರವೂ ಇದೆ. ಕಟ್ಟಿಂಗ್ ಹೋಲಿಸಿದ್ದು ಒಳ್ಳೆಯ ಚಿತ್ರವನ್ನು ಇನ್ನೊಂದು ಒಳ್ಳೆಯ ಚಿತ್ರದ ಜೊತೆಗೆ. ಮೊನೆಯ ಜೊತೆ ಮೊನೆಯನ್ನೇ ಇಟ್ಟಾಗ ಗೆಲ್ಲಿಸುವ ಉಳಿದ ಕಾರಣಗಳೆಲ್ಲ ಸಮಸಮ. ಆಗ ಪರಿಚಯ ತಕ್ಕಡಿಯನ್ನು ಬಾಗಿಸುವುದು ಸಹಜ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರನ್ ಮೆಸ್ಕಿನ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ಕೆಟ್ಟ ಕಲೆಯೊಂದಿಗೆ ಮಾಡಿ 2013ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಅಮೆರಿಕದ ಥಾಮಸ್ ಕಿಂಕೇಡ್‌ನ ಚಿತ್ರಗಳು: ಕಿಟಕಿಗಳಲ್ಲೆಲ್ಲ ಕಿತ್ತಳೆ ದೀಪ ಹೊತ್ತಿದ ಹಳ್ಳಿಮನೆಗಳು, ಸಕ್ಕರೆ ಬೆರೆಸಿದಂಥ ಸಂಜೆಗಳು, ಅಮೆರಿಕದ ಅಸಂಖ್ಯ ಮನೆಗಳ ಗೋಡೆಯಲ್ಲಿರುವ ಮುದ್ರಿತ ಪ್ರತಿಗಳು. ಹೋಲಿಕೆಗೆ ಹತ್ತೊಂಬತ್ತನೇ ಶತಮಾನದ ಜಾನ್ ಎವೆರೆಟ್ ಮಿಲೇ ಬರೆದ, ಅಷ್ಟೇನೂ ಪ್ರಸಿದ್ಧವಲ್ಲದ ನಿಸರ್ಗಚಿತ್ರಗಳು. ಎರಡನ್ನೂ ತರಗತಿಯಲ್ಲಿ ವಾರಗಟ್ಟಲೆ ಸ್ಲೈಡುಗಳ ನಡುವೆ ತೋರಿಸಿದರು. ಹೆಚ್ಚು ಸಲ ನೋಡಿದಷ್ಟೂ ಕಿಂಕೇಡ್‌ನ ಚಿತ್ರಗಳ ಮೇಲಿನ ಮೆಚ್ಚುಗೆ ಇಳಿಯಿತು. ಮಿಲೇಯ ಚಿತ್ರಗಳಿಗೆ ಹಾಗಾಗಲಿಲ್ಲ. ಮತ್ತೆ ಮತ್ತೆ ನೋಡಿದಾಗ ಕಣ್ಣು ರೂಢಿಯಾಗುವುದರ ಜೊತೆಗೆ ತನಿಖೆಯನ್ನೂ ನಡೆಸುತ್ತದೆ. ಮೊದಲ ನೋಟದಲ್ಲಿ ತಟ್ಟದ ಹುಸಿ ಬೆಳಕು ಐದನೇ ನೋಟಕ್ಕೆ ತಟ್ಟುತ್ತದೆ. ಚಿಕ್ಕ ಪ್ರಯೋಗ, ಇಬ್ಬರೇ ಕಲಾವಿದರು, ನಿಜ. ಅದು ಹೇಳುತ್ತಿರುವುದು ಮಾತ್ರ ದೊಡ್ಡದು.

ಇದಕ್ಕೆ ಪೂರಕವಾಗಿ ನಿಲ್ಲುವುದು ಬಾಸ್ಟನ್ ಕಾಲೇಜಿನ ಏಂಜಲೀನಾ ಹಾಲಿ ಡೋಲನ್ ಮತ್ತು ಎಲೆನ್ ವಿನ್ನರ್ 2011ರಲ್ಲಿ ಪ್ರಕಟಿಸಿದ ಕೆಲಸ. ಅಮೂರ್ತ ಚಿತ್ರದ ಮುಂದೆ ನಿಂತು, ಇದನ್ನು ನಮ್ಮ ಮಗುವೂ ಬರೆದೀತು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಹೆಸರಾದ ಅಮೂರ್ತ ಕಲಾವಿದರ ಚಿತ್ರಗಳನ್ನು, ನೋಡಲು ಅವೇ ತರಹ ಇರುವ ಮಕ್ಕಳ ಮತ್ತು ಚಿಂಪಾಂಜಿ, ಆನೆ ಮೊದಲಾದ ಪ್ರಾಣಿಗಳ ಚಿತ್ರಗಳೊಂದಿಗೆ ಮೂವತ್ತು ಜೋಡಿ ಮಾಡಿ ಇವರು ವಿದ್ಯಾರ್ಥಿಗಳ ಮುಂದಿಟ್ಟರು. ಕೆಲವು ಜೋಡಿಗಳಲ್ಲಿ ಬೇಕೆಂದೇ ಚೀಟಿಗಳನ್ನು ಅದಲು ಬದಲು ಮಾಡಿ, ಕಲಾವಿದನ ಚಿತ್ರದ ಕೆಳಗೆ ಮಗು ಎಂದೂ ಮಗುವಿನದರ ಕೆಳಗೆ ಕಲಾವಿದ ಎಂದೂ ಬರೆದಿದ್ದರು. ಹೀಗೆ ದಾರಿ ತಪ್ಪಿಸಿದರೂ, ಕಲೆ ಓದದ ವಿದ್ಯಾರ್ಥಿಗಳೂ ಸಹ, ನಾಣ್ಯ ಚಿಮ್ಮಿ ಊಹಿಸಿದ್ದಕ್ಕಿಂತ ಹೆಚ್ಚು ಸಲ ಕಲಾವಿದನ ಚಿತ್ರವನ್ನೇ ಉತ್ತಮವೆಂದು ಆರಿಸಿದರು. ಇದರ ಹಿಂದೆ ಯೋಚನೆ ಇದೆ, ಉದ್ದೇಶ ಇದೆ ಎಂದು ಕಾರಣ ಕೊಟ್ಟರು. ತಪ್ಪಾಗಿ ಆರಿಸಿದ ಸಲಗಳೂ ಬೇಕಾದಷ್ಟಿದ್ದವು. ಆದರೂ ಗೆರೆಯ ಹಿಂದಿನ ಮನಸ್ಸನ್ನು ಕಣ್ಣು ಸ್ವಲ್ಪಮಟ್ಟಿಗೆ ಓದಬಲ್ಲದು ಎನ್ನಲು ಇಷ್ಟು ಸಾಕು.

ಪರಿಚಯ ಬೇಕು, ಪರಿಚಯದ ಜೊತೆಗೇ ವಿವೇಚನೆ ಹರಿತವಾಗುತ್ತದೆ ಎಂಬ ಈ ಚಿತ್ರ ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಅಪರಿಚಿತವಲ್ಲ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಸಹೃದಯನನ್ನು ವಿವರಿಸುವಾಗ, ಕಾವ್ಯವನ್ನು ಬಿಡದೆ ಅಭ್ಯಾಸ ಮಾಡಿ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು ಎಂದೇ ಹೇಳಿದ. ಸಹೃದಯತೆ ಹುಟ್ಟಿನಿಂದ ಬಂದ ವರವೆಂದು ಬಿಟ್ಟುಬಿಡದೆ ಅಭ್ಯಾಸಕ್ಕೆ ಜಾಗ ಕೊಟ್ಟದ್ದು ಅವನ ದೊಡ್ಡತನ. ಅವನು ಮಾತಾಡಿದ್ದು ಕಾವ್ಯದ ಬಗ್ಗೆ, ಅದೂ ಪ್ರಯೋಗದ ಭಾಷೆಯಲ್ಲಲ್ಲ. ನಮ್ಮವರು ಎಲ್ಲವನ್ನೂ ಆಗಲೇ ಹೇಳಿದ್ದರು ಎಂದು ಬೀಗುವುದಕ್ಕೆ ಇದನ್ನು ಬಳಸಬಾರದು. ಆದರೆ ಕಟ್ಟಿಂಗ್ ಮತ್ತು ಮೆಸ್ಕಿನ್ ಇಬ್ಬರನ್ನೂ ಒಟ್ಟಿಗೆ ಓದಿದಾಗ ಅಭಿನವಗುಪ್ತನ ಮಾತು ನನಗೆ ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

ಪ್ರಯೋಗಾಲಯದ ಈ ಮಾತನ್ನು ನಮ್ಮ ಗೋಡೆಗಳ ಮೇಲಿಟ್ಟು ನೋಡಿ. ಇಲ್ಲಿಂದ ಮುಂದಿನದು ನನ್ನ ಊಹೆ, ಯಾರೂ ಅಳೆದದ್ದಲ್ಲ. ಸರಸ್ವತಿ, ಲಕ್ಷ್ಮಿ ಎಂದೊಡನೆ ಕರ್ನಾಟಕದ ಬಹುತೇಕ ಮನೆಗಳವರ ಕಣ್ಮುಂದೆ ಬರುವ ರೂಪ ರಾಜಾ ರವಿವರ್ಮ ಕೊಟ್ಟದ್ದು. ಆ ರೂಪ ಮನೆಮನೆ ತಲುಪಿದ್ದು ಮೂಲ ತೈಲಚಿತ್ರಗಳಿಂದಲ್ಲ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಮುದ್ರಣಾಲಯದ ಅಗ್ಗದ ಬಣ್ಣದ ಪ್ರತಿಗಳಿಂದ, ಆಮೇಲೆ ಕ್ಯಾಲೆಂಡರುಗಳಿಂದ. ಕಲಬುರಗಿಯ ಎಸ್. ಎಂ. ಪಂಡಿತರ ಬಲಿಷ್ಠ ಭುಜದ ಪುರಾಣಪುರುಷರೂ ಹೀಗೆಯೇ ಕಿರಾಣಿ ಅಂಗಡಿಯ ಮೊಳೆಗೆ ನೇತುಬಿದ್ದು ನಮ್ಮ ಕಲ್ಪನೆಯೊಳಗೆ ಬಂದರು. ಇಬ್ಬರೂ ಸಮರ್ಥ ಕಲಾವಿದರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಬೇಲೂರಿನ ಕಲ್ಲಿನ ಸರಸ್ವತಿಯನ್ನು ಕಂಡಾಗ ಇದು ಸರಸ್ವತಿಯೇ ಎಂದು ಅನುಮಾನಿಸುವ ಮಗುವಿಗೆ, ಬಿಳಿ ಸೀರೆಯ ಸರಸ್ವತಿಯೊಬ್ಬಳೇ ನಿಜವೆಂದು ಕಾಣುವ ಮಗುವಿಗೆ, ಆ ತೀರ್ಮಾನ ತನ್ನದೇ ಅನ್ನಿಸಿದರೂ ಅದರ ಹಿಂದೆ ಅಚ್ಚಿನ ಲೆಕ್ಕವಿದೆ.

ಈಗ ಆ ಲೆಕ್ಕ ಕ್ಯಾಲೆಂಡರಿನಿಂದ ಮೊಬೈಲ್ ಪರದೆಗೆ ದಾಟಿದೆ. ಯಾವ ಚಿತ್ರ ಎಷ್ಟು ಸಲ ಎದುರಿಗೆ ಬರಬೇಕು ಎಂಬುದನ್ನು ಮುದ್ರಕನ ಬದಲು ಕಂಪನಿಯ ಗಣಕ ನಿರ್ಧರಿಸುತ್ತದೆ, ಹಿಂದೆ ನಿಂತು ನೋಡಿದ್ದನ್ನೇ ಮತ್ತೆ ಮುಂದೆ ತರುತ್ತದೆ. ಹೆಬ್ಬೆರಳು ಮೇಲೆ ಜಾರಿಸುವ ಅಷ್ಟು ಹೊತ್ತಿನಲ್ಲಿ ಪರಿಚಯ ಬೆಳೆಯುತ್ತದೆ, ತನಿಖೆಗೆ ಸಮಯ ಸಿಗುವುದಿಲ್ಲ. ಈ ಅಸಮತೋಲ ನನಗೆ ಆತಂಕ ತರುತ್ತದೆ. ಝಯೋನ್ಸ್ ಅವರ ಆಕೃತಿಗಳಿಗೆ ಸಾವಿರದಲ್ಲೊಂದು ಸೆಕೆಂಡು ಸಾಕಾಗಿತ್ತು. ಯಾರ್ಬಸ್ ಅವರ ಪ್ರೇಕ್ಷಕನಿಗೆ ಮೂರು ನಿಮಿಷವೂ ಒಂದು ಪ್ರಶ್ನೆಯೂ ಬೇಕಾಗಿದ್ದವು.

ಹಾಗಾಗಿ ಶಾಲೆಗಳ ಕಡೆಗೆ ನನ್ನ ಆಸೆ ತಿರುಗುತ್ತದೆ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಯಲ್ಲೂ ವಾರಕ್ಕೊಂದು ಒಳ್ಳೆಯ ಮುದ್ರಿತ ಚಿತ್ರವನ್ನು ಗೋಡೆಗೆ ಹಚ್ಚಬಹುದು, ತಿಂಗಳು ಬಿಟ್ಟು ಅದನ್ನೇ ಮತ್ತೆ ಹಚ್ಚಬಹುದು. ವೆಂಕಟಪ್ಪನವರ ಊಟಿಯ ಜಲವರ್ಣ, ಹೆಬ್ಬಾರರ ಒಂದು ರೇಖಾಚಿತ್ರ, ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ, ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ, ನಡುವೆ ಒಂದು ರೇಪಿನ್, ಒಂದು ಹೋಲ್ಬೈನ್. ಭಾಷಣ ಬೇಡ. ಮಕ್ಕಳ ಮುಂದೆ ಒಂದೊಂದು ಸಲ ಒಂದೊಂದು ಪ್ರಶ್ನೆ ಇಟ್ಟರಾಯಿತು: ಇಲ್ಲಿ ಈಗ ಎಷ್ಟು ಹೊತ್ತಾಗಿದೆ? ಈ ಮನೆಯವರಿಗೆ ಅನುಕೂಲವಿದೆಯೇ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಬಂದಿರುವವನು ಎಷ್ಟು ವರ್ಷ ಮನೆ ಬಿಟ್ಟಿದ್ದ?